ಹಂಚಿನ ಕಾರ್ಖಾನೆಯ ಹನ್ನೊಂದು ಮಂದಿ

ಆ ವರ್ಷದ ನಮ್ಮ ತಂಡವನ್ನು ಯಾರಾದರೂ ಸೋತ ತಂಡ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊನ್ನೆ ಒಂದು ಮದುವೆಯ ಊಟದಲ್ಲಿ ನನ್ನ ಎದುರು ಪಂಕ್ತಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಬಂಟ್ವಾಳದ ಆ ಹಂಚಿನ ಕಾರ್ಖಾನೆಯ ಟೀಮಾ? ಕೊನೆಗೆ ಸೋತು ಸುಣ್ಣ ಆಯಿತಲ್ಲ ಅದು," ಎಂದು ನಕ್ಕರು. ನಾನು ಎಲೆಯಲ್ಲಿದ್ದ ಪಾಯಸ ಬಿಟ್ಟು ಅವರಿಗೆ ಉತ್ತರ ಕೊಡಲು ಕುಳಿತೆ. ಬಡಿಸುವವರು ಬಂದು ಬಂದು ವಾಪಸು ಹೋದರು. ಮನೆಗೆ ಬರುವಾಗ ಮೊಮ್ಮಗಳು, "ಅಜ್ಜೀ, ಇದನ್ನು ಬರೆದಿಡಿ, ಇಲ್ಲದಿದ್ದರೆ ಇನ್ನು ನಮ್ಮನ್ನು ಯಾರೂ ಮದುವೆಗೆ ಕರೆಯಲಿಕ್ಕಿಲ್ಲ," ಎಂದಳು. ಹಾಗಾಗಿ ಬರೆಯುತ್ತಿದ್ದೇನೆ. ಎಂಟನೆಯ ಕ್ಲಾಸು ಓದಿದವಳ ಬರಹ. ತಪ್ಪಿದ್ದರೆ ತಿದ್ದಿಕೊಳ್ಳಿ, ತಂಡದ ವಿಷಯದಲ್ಲಿ ಮಾತ್ರ ತಿದ್ದಲು ಬರಬೇಡಿ.

ಐವತ್ತರ ದಶಕ ಮುಗಿದು ಅರುವತ್ತಕ್ಕೆ ಕಾಲಿಡುತ್ತಿದ್ದ ಕಾಲ. ನೇತ್ರಾವತಿಯ ದಂಡೆಗೆ ತಾಗಿಕೊಂಡು ನಮ್ಮ ಕಾರ್ಖಾನೆ ಇತ್ತು. ನಾನು ಹೆಂಗಸರ ಸಾಲಿನಲ್ಲಿ ಕೆಲಸಕ್ಕಿದ್ದೆ. ಪ್ರೆಸ್ಸಿನಿಂದ ಬಂದ ಹಸಿ ಹಂಚಿನ ಅಂಚಿಗೆ ಅಂಟಿದ ಮಣ್ಣನ್ನು ತಂತಿಯಿಂದ ಕೊಯ್ದು ಒಪ್ಪ ಮಾಡುವುದು ನಮ್ಮ ಕೆಲಸ. ಕೈ ಎಷ್ಟು ಓಡುತ್ತಿತ್ತೋ ಬಾಯಿಯೂ ಅಷ್ಟೇ ಓಡುತ್ತಿತ್ತು. ಆ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ಮದುವೆಯಾಯಿತು. ಗಂಡ ಅದೇ ಕಾರ್ಖಾನೆಯವರು, ಹೊಳೆಯ ಬದಿಯ ದಕ್ಕೆಯಲ್ಲಿ ಹಂಚು ತುಂಬಿಸುವವರು.

ಆಗ ಸುಟ್ಟ ಹಂಚು ದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿತ್ತು. ರಾಶಿಯಿಂದ ದೋಣಿಯವರೆಗೆ ಗಂಡಸರು ಸಾಲು ನಿಲ್ಲುತ್ತಿದ್ದರು. ಒಬ್ಬರಿಂದ ಒಬ್ಬರಿಗೆ ಎರಡೆರಡು ಹಂಚು ಗಾಳಿಯಲ್ಲಿ ಹಾರಿ ಬರಬೇಕು. ನನ್ನ ಗಂಡ ಸಾಲಿನ ಕೊನೆಯವರು, ಅಲುಗಾಡುವ ದೋಣಿಯಲ್ಲಿ ನಿಂತು ಹಿಡಿಯುವವರು. ಅಲ್ಲಿ ತಪ್ಪಿದರೆ ಹಂಚು ಹೊಳೆಗೇ. ಇವರ ಕೈಯಿಂದ ಹಂಚು ಬಿದ್ದದ್ದನ್ನು ತಾನು ನೋಡಿಲ್ಲ ಎಂದು ದಕ್ಕೆಯ ಮೇಸ್ತ್ರಿ ಎಲ್ಲರೆದುರು ಹೇಳುತ್ತಿದ್ದ. ಅವನು ಹೊಗಳುವ ಜಾತಿಯವನಲ್ಲ.

ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ನನಗೂ ಆಸೆಯಾಯಿತು. ಹಿತ್ತಲಲ್ಲಿ ನಿಂತು, "ನನಗೂ ಒಂದು ಬಿಸಾಡಿ, ನೋಡುವ," ಎಂದೆ. ಹಳೆಯ ಹಂಚೊಂದನ್ನು ಬಿಸಾಡಿದರು. ನಾನು ಎರಡೂ ಕೈ ಮುಂದೆ ಚಾಚಿ ಹಿಡಿಯಲು ಹೋದೆ. ಹಂಚು ಕೈಗೆ ಬಡಿದು ಒಡೆಯಿತು, ಬೆರಳು ಊದಿಕೊಂಡಿತು.

"ಹಾಗಲ್ಲ ಮಾರಾಯ್ತಿ," ಎಂದರು ನಗುತ್ತ. "ಹಂಚಿಗೆ ಎದುರು ಕೈ ತರಬೇಡ. ಅದು ಬರುವ ದಾರಿಯಲ್ಲೇ ನಿನ್ನ ಕೈಯೂ ಹಿಂದೆ ಬರ್ಬೇಕು. ಹೊಟ್ಟೆಯ ಹತ್ತಿರ ತಲುಪುವಾಗ ತಾನು ನಿಂತದ್ದೇ ಹಂಚಿಗೆ ಗೊತ್ತಾಗ್ಬಾರ್ದು."

ನಾನು ಆಮೇಲೆ ಆ ಆಸೆ ಬಿಟ್ಟೆ. ಆದರೆ ಆ ಮಾತು ನೆನಪಿದೆ. ನೀವೂ ನೆನಪಿಟ್ಟುಕೊಳ್ಳಿ.

ನಮ್ಮ ಧಣಿಗೆ ಎರಡು ಹುಚ್ಚು. ಒಂದು ಹಂಚು, ಇನ್ನೊಂದು ಚೆಂಡು. ಮದರಾಸಿನಲ್ಲಿ ಓದುವಾಗ ಹತ್ತಿಕೊಂಡ ಹುಚ್ಚಂತೆ. ಕಾರ್ಖಾನೆಗೆ ಜನ ಬೇಕಾದಾಗ ಅವರು ಮೊದಲು ಕಾಲು ನೋಡುತ್ತಿದ್ದರು, ಆಮೇಲೆ ಕೈ. ಹೀಗೆ ಆರಿಸಿದ ಹನ್ನೊಂದು ಮಂದಿ ನಾಲ್ಕು ಗಂಟೆಗೆ ಕೆಲಸ ಬಿಟ್ಟು ಗದ್ದೆಗೆ ಇಳಿಯಬಹುದಿತ್ತು. ಕೂಲಿಗೆ ಕತ್ತರಿ ಇಲ್ಲ. ಆಡುವುದಕ್ಕೇ ಸಂಬಳ ಪಡೆದವರು ಎಂದರೆ ಆಗ ನಮ್ಮ ಸೀಮೆಯಲ್ಲಿ ಇವರೇ. ಮುಂದೆ ನಿಂತು ಗೋಲು ಹೊಡೆಯಲು ಮಂಗಳೂರಿನಿಂದ ಒಬ್ಬ ಹುಡುಗನನ್ನು ಕರೆಸಿದ್ದರು. ಅವನಿಗೆ ಗುಮಾಸ್ತನ ಕೆಲಸ ಎಂದು ಹೆಸರು. ಅವನು ಕುರ್ಚಿಯಲ್ಲಿ ಕುಳಿತದ್ದನ್ನು ನಾವ್ಯಾರೂ ನೋಡಲಿಲ್ಲ. ಹಿಂದೆ ಗೋಡೆಯ ಹಾಗೆ ನಿಲ್ಲಲು ಹಂಚು ಸುಡುವ ಆವೆಗೆ ಕಟ್ಟಿಗೆ ತುಂಬುವ ಒಬ್ಬ ದೊಡ್ಡ ಆಳು ಇದ್ದ, ಬೆಳುವಾಯಿ ಕಡೆಯವನು. ನಾವು ಹೆಂಗಸರು ಅವನಿಗೆ ಕೋಣ ಎಂದು ಹೆಸರಿಟ್ಟಿದ್ದೆವು, ಪ್ರೀತಿಯಿಂದಲೇ. ಅವನ ಹಿಂದೆ ಗೋಲಿನಲ್ಲಿ ನನ್ನ ಗಂಡ.

ಸುಗ್ಗಿಗದ್ದೆಗಳು ಖಾಲಿಯಾಗುತ್ತಿದ್ದ ಹಾಗೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಮೂರೂ ಕಡೆ ಚೆಂಡಿನ ಆಟ ಶುರುವಾಗುತ್ತಿತ್ತು. ಪ್ರತಿ ತಂಡವೂ ಉಳಿದ ತಂಡಗಳ ಊರಿಗೆ ಹೋಗಿ ಆಡಬೇಕು, ಅವರು ನಮ್ಮಲ್ಲಿಗೆ ಬರಬೇಕು. ಎಲ್ಲ ಆಟ ಮುಗಿದಾಗ ಯಾರ ಅಂಕ ಹೆಚ್ಚೋ ಅವರಿಗೆ ಶೀಲ್ಡು. ಇದೆಲ್ಲ ಪತ್ತನಾಜೆಯೊಳಗೆ ಮುಗಿಯಬೇಕು. ಪತ್ತನಾಜೆ ಎಂದರೆ ಮಳೆಗೆ ಮುಂಚಿನ ಆ ಒಂದು ದಿನ. ಅಂದು ಯಕ್ಷಗಾನದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ನೇಮ ಕೋಲಗಳು ನಿಲ್ಲುತ್ತವೆ, ಕೋಳಿ ಅಂಕವೂ ನಿಲ್ಲುತ್ತದೆ. ಅದನ್ನು ದಾಟಿ ಆಟವೂ ಇಲ್ಲ, ಕೂಟವೂ ಇಲ್ಲ. ಚೆಂಡು ಇಂಗ್ಲಿಷರದ್ದಾದರೂ ಪತ್ತನಾಜೆ ಅದಕ್ಕೂ ಉಂಟು.

ನಮ್ಮ ಕಾರ್ಖಾನೆಯೂ ಪತ್ತನಾಜೆಯನ್ನು ಕಾಯುತ್ತಿತ್ತು, ಬೇರೆ ಕಾರಣಕ್ಕೆ. ಮಳೆಗಾಲದಲ್ಲಿ ಹಸಿ ಹಂಚು ಒಣಗುವುದಿಲ್ಲ. ಬೆರಳೆಣಿಕೆಯ ಜನರನ್ನು ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳುಹಿಸುತ್ತಿದ್ದರು. ಮನೆಗೆ ಎಂದರೆ ಗಂಡಸರ ಲೆಕ್ಕದಲ್ಲಿ ಬೊಂಬಾಯಿಗೆ. ಅಲ್ಲಿ ಯಾರದೋ ಭಾವನ ಹೋಟೆಲು, ಯಾರದೋ ಮಾವನ ಕ್ಯಾಂಟೀನು, ಗ್ಲಾಸು ತೊಳೆಯಲು ಜನ ಬೇಕು. ದೀಪಾವಳಿಗೆ ಬರುತ್ತೇನೆ ಎಂದು ಹೇಳಿ ಹೋಗುವುದು. ನನ್ನ ಪಕ್ಕದಲ್ಲಿ ಕುಳಿತು ಹಂಚು ಕೊಯ್ಯುತ್ತಿದ್ದ ಅಕ್ಕನೊಬ್ಬಳ ಗಂಡ ಒಂದು ಮಳೆಗಾಲಕ್ಕೆಂದು ಹೋದವನು, ಅವಳ ಮಗ ಶಾಲೆಗೆ ಸೇರಿ ಲಂಗೋಟಿ ಬಿಟ್ಟು ಚಡ್ಡಿ ಹಾಕಿದರೂ ಬಂದಿರಲಿಲ್ಲ. ಇವರ ಭಾವನದೂ ಬೊಂಬಾಯಿಯಲ್ಲಿ ಹೋಟೆಲಿತ್ತು. ಮದುವೆಯ ದಿನವೇ ಆ ಭಾವ, "ಮಳೆಗಾಲಕ್ಕೆ ನಮ್ಮಲ್ಲಿಗೆ ಬಾ," ಎಂದು ಇವರ ಹೆಗಲು ತಟ್ಟಿದ್ದು ನೋಡಿ ನನಗೆ ಧಾರೆಯ ಸೀರೆಯಲ್ಲೇ ಸಿಟ್ಟು ಬಂದಿತ್ತು.

ಆ ವರ್ಷ ಮೊದಲ ಆಟಕ್ಕೆ ಮುಂಚೆ ಧಣಿ ಹನ್ನೊಂದು ಮಂದಿಯನ್ನೂ ಕರೆದು, "ಶೀಲ್ಡು ತನ್ನಿ. ತಂದರೆ ಮಳೆಗಾಲದಲ್ಲಿ ಎಲ್ಲರಿಗೂ ಇಲ್ಲಿಯೇ ಕೆಲಸ ಉಂಟು. ಕಾರ್ಖಾನೆ ನಿಂತರೂ ನೀವು ನಿಲ್ಲುವುದು ಬೇಡ," ಎಂದರು. ಆ ರಾತ್ರಿ ನಾನು ದೈವಕ್ಕೆ ಒಂದು ತೆಂಗಿನಕಾಯಿ ಹೇಳಿಕೊಂಡೆ. ಚೆಂಡು ಉರುಟೋ ಚೌಕವೋ ಎಂದು ಅಲ್ಲಿಯವರೆಗೆ ತಲೆಕೆಡಿಸಿಕೊಳ್ಳದವಳು ಅಂದಿನಿಂದ ಚೆಂಡಿನ ಭಕ್ತೆಯಾದೆ.

ಬನಿಯನ್ನುಗಳಿಗೆ ಬಣ್ಣ ಹಾಕಿದ್ದು ನಾವು ಹೆಂಗಸರು. ಕೆಮ್ಮಣ್ಣನ್ನು ಸೋಸಿ, ಕುದಿಸಿ, ಹನ್ನೊಂದು ಬನಿಯನ್ನುಗಳನ್ನು ಅದರಲ್ಲಿ ಅದ್ದಿ ಒಣಗಿಸಿದೆವು. ಹೊಸ ಹಂಚಿನದೇ ಬಣ್ಣ ಬಂತು. ಬೆಳ್ತಂಗಡಿಯಲ್ಲಿ ಮೊದಲ ಆಟ, ಘಟ್ಟದ ಬುಡದ ಒಂದು ತೋಟದ ತಂಡದ ಮೇಲೆ. ಕಾರ್ಖಾನೆಯ ಲಾರಿಯಲ್ಲಿ ಮುಂದೆ ಆಟಗಾರರು, ಹಿಂದೆ ಹಂಚಿಗೆ ಹಾಸುವ ಹುಲ್ಲಿನ ಮೇಲೆ ನಾವು. ಅವರಿಗೆ ಬೂಟು, ನಮ್ಮವರಿಗೆ ಬರಿಗಾಲು. ಆಟಕ್ಕೆ ಮುಂಚೆ ನಮ್ಮ ಕಡೆಯ ಪದ್ಧತಿಯಂತೆ ಬಂದವರಿಗೆ ಬೆಲ್ಲ ನೀರು ಕೊಟ್ಟರು. ಕೊಟ್ಟವರ ಕಣ್ಣೆಲ್ಲ ನಮ್ಮವರ ಕಾಲಿನ ಮೇಲೆ. ಸಂಜೆ ಆಗುವಾಗ ಆ ಬೂಟುಗಳೆಲ್ಲ ಧೂಳು ತಿಂದಿದ್ದವು. ಮಂಗಳೂರಿನ ಹುಡುಗ ಗೋಲಿನ ಮೇಲೆ ಗೋಲು ಹೊಡೆದ. ಇವರು ಒಂದನ್ನೂ ಬಿಡಲಿಲ್ಲ. ಚೆಂಡು ಎಷ್ಟು ಜೋರಾಗಿ ಬಂದರೂ ಇವರ ಕೈಗೆ ಬಂದ ಕೂಡಲೇ ಪಾಪದ ಬೆಕ್ಕಿನ ಮರಿಯಾಗುತ್ತಿತ್ತು. ಇವರು ಗೋಲಿನಿಂದ ಎರಡು ಹೆಜ್ಜೆ ಮುಂದೆಯೇ ನಿಲ್ಲುತ್ತಿದ್ದರು. ಕೈ ಹಿಂದೆ ತರಲು ಜಾಗ ಬೇಕಲ್ಲ.

ಆಮೇಲೆ ನಮ್ಮದೇ ಕಾಲ. ಮೂಡಬಿದ್ರೆಯ ಬಸ್ಸು ಕಂಪೆನಿಯ ತಂಡ ಬಂಟ್ವಾಳಕ್ಕೆ ಬಂತು. ಡ್ರೈವರು, ಕಂಡಕ್ಟರು, ಕ್ಲೀನರುಗಳೇ ಆಡುವ ತಂಡ. ಅದರ ಕ್ಯಾಪ್ಟನ್ ಒಬ್ಬ ಕಂಡಕ್ಟರು, ಉದ್ದ ಕಾಲಿನ, ದೊಡ್ಡ ಬಾಯಿಯ ಮನುಷ್ಯ. ಬರುವಾಗ ಸೀಟಿ ಊದಿಕೊಂಡು ಬಂದವರು ಹೋಗುವಾಗ ಸೊಲ್ಲಿಲ್ಲದೆ ಹೋದರು. ಬೆಳ್ತಂಗಡಿಯ ಪೇಟೆಯಲ್ಲಿ, ಉಜಿರೆಯ ಬಸ್ಸು ನಿಲ್ಲುವಲ್ಲಿ ಗುರುತಿಲ್ಲದವರು ಇವರನ್ನು ನಿಲ್ಲಿಸಿ, "ನೀವಲ್ಲವಾ ಆ ಹಂಚು ಹಿಡಿಯುವವರು?" ಎಂದು ಕೇಳುತ್ತಿದ್ದರು. ನಾನು ಎರಡು ಮಾರು ಹಿಂದೆ ತಲೆ ತಗ್ಗಿಸಿ ನಡೆಯುತ್ತ ಒಳಗೊಳಗೇ ಬೀಗುತ್ತಿದ್ದೆ. ಹೊಸ ವರ್ಷದ ಬಿಸು ಹಬ್ಬದವರೆಗೆ ನಮ್ಮವರು ಒಂದು ಆಟವನ್ನೂ ಸೋಲಲಿಲ್ಲ. ಶೀಲ್ಡು ಇಡಲೆಂದು ಧಣಿ ಆಫೀಸಿನ ಗೋಡೆಗೆ ಮೊಳೆಯನ್ನೂ ಹೊಡೆಸಿದ್ದರು. ಕೂಸು ಹುಟ್ಟುವ ಮೊದಲು ಕುಲಾವಿ ಎಂದು ನನ್ನ ಅತ್ತೆ ಅಂದರು. ನಾನು ಅವರ ಮೇಲೆ ಕಣ್ಣು ಕೆಂಪು ಮಾಡಿದೆ.

ಬಿಸುವಿಗೆ ಮನೆಗೆ ಹೋದ ಮಂಗಳೂರಿನ ಹುಡುಗ ಮರಳಿ ಬರಲಿಲ್ಲ. ಅವನ ಆಟ ನೋಡಿದ ಯಾರೋ ಬೊಂಬಾಯಿಯ ಮಿಲ್ಲೊಂದರ ತಂಡಕ್ಕೆ ಕರೆಸಿಕೊಂಡರಂತೆ. ಅವನನ್ನು ಬೈದು ಪ್ರಯೋಜನವಿಲ್ಲ, ಇಪ್ಪತ್ತು ತುಂಬದ ಹುಡುಗ. ನಾನು ಮಾತ್ರ ಬೈದೆ. ಅವನಿಲ್ಲದೆ ಗೋಲು ಹೊಡೆಯುವವರಿಲ್ಲವಾಗಿ ಒಂದು ಆಟ ಸೋತೆವು, ಇನ್ನೊಂದರಲ್ಲಿ ಹೇಗೋ ಸಮ ಮಾಡಿಕೊಂಡೆವು. ಅದರ ಬೆನ್ನಿಗೇ ಬೆಳುವಾಯಿಯಿಂದ ಸುದ್ದಿ ಬಂತು, ಕೋಣನ ಸೋದರಮಾವ ತೀರಿಕೊಂಡರೆಂದು. ಅವರದು ಮಾವನ ನಂತರ ಅಳಿಯನೇ ಯಜಮಾನನಾಗುವ ಅಳಿಯಕಟ್ಟಿನ ಮನೆ, ಇವನು ಹಿರಿಯ ಅಳಿಯ. ಮಾವನ ಬೊಜ್ಜ, ಎಂದರೆ ಉತ್ತರಕ್ರಿಯೆ, ಮುಗಿಯುವವರೆಗೆ ಅವನು ಮನೆಯ ಮೆಟ್ಟಿಲು ಇಳಿಯುವ ಹಾಗಿಲ್ಲ. ಗೋಡೆಯೂ ಹೋಯಿತು. ಆಟಗಳು ಮುಗಿಯುತ್ತ ಬರುವಾಗ ಕೈಯಲ್ಲಿದ್ದ ಅಂಕವೆಲ್ಲ ಸೋರಿ, ಬಸ್ಸು ಕಂಪೆನಿಯ ತಂಡ ನಮ್ಮ ಹಿಮ್ಮಡಿಯ ಹತ್ತಿರ ಬಂದು ನಿಂತಿತ್ತು. ಕೊನೆಯ ಆಟ ಅವರ ಮೇಲೆಯೇ, ಮೂಡಬಿದ್ರೆಯಲ್ಲಿ. ನಮಗೆ ಸಮ ಆದರೂ ಸಾಕು, ಶೀಲ್ಡು ನಮಗೆ. ಅವರಿಗೆ ಗೆಲ್ಲಲೇಬೇಕು.

ಬೊಜ್ಜ ಮುಗಿಯಲು ಇನ್ನು ನಾಲ್ಕೈದು ದಿನ ಇತ್ತು. "ಆಟವನ್ನು ಅಷ್ಟು ಮುಂದೆ ಹಾಕಿಸಿದರೆ ಕೋಣ ಬರ್ತಾನೆ," ಎಂದು ಯಾರೋ ಹೇಳಿದರು. ಆದರೆ ಆಟಕ್ಕೆ ಗೊತ್ತಾದ ದಿನದ ಮರುದಿನವೇ ಪತ್ತನಾಜೆ. ಪತ್ತನಾಜೆ ದಾಟಿಸಿ ಆಡುವ ಮಾತನ್ನು ನಮ್ಮ ತಂಡದವರೇ ಒಪ್ಪಲಿಲ್ಲ. "ಶೀಲ್ಡಿಗೋಸ್ಕರ ಊರ ಕಟ್ಟು ಮುರಿಯಲಿಕ್ಕೆ ಆಗ್ತದಾ?" ಎಂದರು. ಧಣಿಯೂ ಒತ್ತಾಯ ಮಾಡಲಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು.

ಹಾಗೆ ನಾವು ಸಿದ್ಧಕಟ್ಟೆಯ ದಾರಿಯಾಗಿ ಲಾರಿಯಲ್ಲಿ ಮೂಡಬಿದ್ರೆಗೆ ಹೋದೆವು. ಗದ್ದೆಯ ಸುತ್ತಲಿನ ಬದುವಿನ, ನಮ್ಮ ಮಾತಿನ ಹುಣಿಯ, ಮೇಲೆಲ್ಲ ಜನ. ನಮಗೆ ಹೆಂಗಸರಿಗೆ ಜಾಗ ಸಿಕ್ಕಿದ್ದು ಒಂದು ಗೋಲಿನ ಸರೀ ಹಿಂದೆ. ಬಲೆ ಇರಲಿಲ್ಲ. ಎರಡು ಅಡಿಕೆ ಮರದ ಕಂಬ, ಮೇಲೆ ಅಡ್ಡಕ್ಕೆ ಬಿದಿರು, ನೆಲದ ಮೇಲೆ ಸುಣ್ಣದ ಗೆರೆ. ಅರ್ಧ ಆಟದ ಮೇಲೆ ಬದಿ ಬದಲಾಗಿ ಇವರು ನಮ್ಮ ಮುಂದೆಯೇ ಬಂದು ನಿಂತರು. ನನಗೆ ಕಾಣುತ್ತಿದ್ದದ್ದು ಇವರ ಬೆನ್ನು. ಅಲ್ಲಿಯವರೆಗೆ ಯಾರಿಗೂ ಗೋಲಿಲ್ಲ. ಬಸ್ಸಿನವರು ಮೈಮೇಲೆ ಬಿದ್ದು ಆಡಿದರು. ಕೋಣನ ಜಾಗದಲ್ಲಿ ನಿಂತದ್ದು ಪ್ರೆಸ್ಸಿನ ಹತ್ತಿರ ಎಣ್ಣೆ ಹಾಕುವ ಸಪೂರ ಮನುಷ್ಯ. ಅವನು ಅವತ್ತು ಆಡಿದ ಹಾಗೆ ಜನ್ಮದಲ್ಲಿ ಆಡಿರಲಿಲ್ಲ. ಮೊಣಕಾಲು ಒಡೆದು ರಕ್ತ ಸೋರುತ್ತಿದ್ದರೂ ಒರಸಿಕೊಳ್ಳಲು ಪುರುಸೊತ್ತಿರಲಿಲ್ಲ ಅವನಿಗೆ. ಹತ್ತೂ ಮಂದಿ ಹಿಂದೆ ಬಂದು ಗೋಲನ್ನು ಕಾದರು.

ಆಟ ಮುಗಿಯುವ ಹೊತ್ತಿಗೆ ಮಳೆ ಬಂತು. ಆ ಕಾಲದ ಮೊದಲ ಮಳೆ ಕೇಳಿಕೊಂಡು ಬರುವುದಿಲ್ಲ, ಗಾಳಿ ಗುಡುಗು ಎಲ್ಲ ಒಟ್ಟಿಗೆ. ಕ್ಷಣದಲ್ಲಿ ಗದ್ದೆ ಕೆಸರಾಯಿತು. ಸುಣ್ಣದ ಗೆರೆ ಹಾಲಿನ ಹಾಗೆ ಹರಿದು ಹೋಯಿತು. ನಾವು ಹಾಕಿದ ಕೆಮ್ಮಣ್ಣಿನ ಬಣ್ಣ ಬನಿಯನ್ನಿನಿಂದ ಇಳಿದು ನಮ್ಮವರ ತೊಡೆ, ಕಾಲೆಲ್ಲ ಕೆಂಪಾಯಿತು. ಚರ್ಮದ ಚೆಂಡು ನೀರು ಕುಡಿದು ಕಲ್ಲಾಗಿತ್ತು. ಜಾರುವ ನೆಲಕ್ಕೆ ಹೆದರಿ ಇವರು ಹಿಂದೆ ಸರಿದು ಕಂಬಗಳ ನಡುವೆಯೇ ನಿಂತದ್ದನ್ನು ನಾನು ನೋಡಿದೆ. ಆಗ ನನಗೆ ಅದರಲ್ಲಿ ಏನೂ ಅನ್ನಿಸಲಿಲ್ಲ.

ಆ ಕಂಡಕ್ಟರು ಎಲ್ಲೋ ದೂರದಿಂದ, ಯಾರಾದರೂ ನಗುವಷ್ಟು ದೂರದಿಂದ, ಚೆಂಡನ್ನು ಒದ್ದ. ಚೆಂಡು ಮಳೆಯೊಳಗೆ ಮೇಲಕ್ಕೆ ಹೋಗಿ ಭಾರಕ್ಕೆ ಕೆಳಗೆ ಬಂತು. ಇವರು ಎರಡೂ ಕೈಯಲ್ಲಿ ಹಿಡಿದರು. ಬೀಳಿಸಲಿಲ್ಲ, ಯಾವತ್ತೂ ಬೀಳಿಸಿದವರಲ್ಲ. ಚೆಂಡಿನ ಜೊತೆ ಕೈ ಹಿಂದೆ ಬಂತು, ಕೈಯ ಜೊತೆ ಮೈ ಹಿಂದೆ ಬಂತು, ಕೆಸರಿನಲ್ಲಿ ಹಿಮ್ಮಡಿ ಜಾರಿತು. ದೋಣಿಯಲ್ಲಿ ದಿನಾ ಹೇಗೋ ಹಾಗೆಯೇ ಚೆಂಡನ್ನು ಹೊಟ್ಟೆಗೆ ಅವಚಿಕೊಂಡು ನಿಂತರು. ನಿಂತದ್ದು ಕಂಬದ ಈಚೆ, ನಮ್ಮ ಬದಿಯಲ್ಲಿ.

ಅದು ಗೋಲು. ಆದರೆ ಯಾರಿಗೆ ಕಂಡಿತು? ರೆಫ್ರಿ ಆಗಿದ್ದದ್ದು ದೂರದ ಶಾಲೆಯ ಡ್ರಿಲ್ ಮಾಸ್ಟ್ರು. ಅವರು ಇನ್ನೂ ಗದ್ದೆಯ ನಡುವೆ ಕೆಸರಿನಿಂದ ಕಾಲು ಕೀಳುತ್ತಿದ್ದರು. ಗೆರೆ ನೋಡಬೇಕಾದವನ ಕೊಡೆ ಗಾಳಿಗೆ ಮಗುಚಿ, ಅವನು ಅದರ ಹಿಂದೆ ಓಡುತ್ತಿದ್ದ. ಇವರು ಕೂಡಲೇ ಎರಡು ಹೆಜ್ಜೆ ಮುಂದೆ ಬಂದದ್ದೂ ಆಗಿತ್ತು. ಕಂಡದ್ದು ನಮಗೆ, ಹಿಂದೆ ಕುಳಿತ ಹೆಂಗಸರಿಗೆ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಬಾಯಿ ಬಿಡಲಿಲ್ಲ. ನಮ್ಮನ್ನು ಕೇಳುವವರೂ ಇರಲಿಲ್ಲ.

ಬಸ್ಸಿನವರು "ಗೋಲು, ಗೋಲು" ಎಂದು ಕೂಗಿದರು. ನಮ್ಮವರು "ಎಲ್ಲಿಯ ಗೋಲು?" ಎಂದು ಎದೆಗೆ ಎದೆ ಕೊಟ್ಟು ನಿಂತರು. ಮಾಸ್ಟ್ರು ಬಂದು ಗೆರೆ ಹುಡುಕಿದರು. ಗೆರೆ ಎಲ್ಲಿದೆ? ಕೊನೆಗೆ ಅವರು ಇವರನ್ನೇ ಕೇಳಿದರು: "ಚೆಂಡು ಕಂಬದ ಆಚೆ ದಾಟಿತಾ?"

ಕಂಡಕ್ಟರು ನಡುವೆ ನುಗ್ಗಿದ. "ಹಾಗೆ ಕೇಳಿದರೆ ಯಾರು ಹೇಳ್ತಾರೆ ಮಾಸ್ಟ್ರೇ? ಆಣೆ ಹಾಕಿ ಹೇಳಲಿ. ಅವರ ಮನೆಯ ದೈವದ ಆಣೆ ಹಾಕಲಿ, ದಾಟಲಿಲ್ಲ ಅಂತ. ನಾವು ಒಪ್ತೇವೆ."

ನಮ್ಮ ಸೀಮೆಯವರು ಕೋರ್ಟಿಗೆ ಹೆದರುವುದಿಲ್ಲ, ಆಣೆಗೆ ಹೆದರುತ್ತಾರೆ. ನಮ್ಮ ಕ್ಯಾಪ್ಟನ್, "ಚೆಂಡಿನ ಆಟಕ್ಕೆಲ್ಲ ದೈವವನ್ನು ತರುವುದಾ? ನಾಚಿಕೆ ಆಗುವುದಿಲ್ಲವಾ ನಿಮಗೆ?" ಎಂದು ಮುಂದೆ ಹೋದ. ಇವರು ಅವನ ತೋಳು ಹಿಡಿದು ನಿಲ್ಲಿಸಿದರು. ಚೆಂಡು ಇನ್ನೂ ಕಂಕುಳಲ್ಲೇ ಇತ್ತು.

"ಆಣೆ ಎಂತಕ್ಕೆ ಮಾರಾಯ್ರೆ," ಎಂದರು. "ದಾಟಿತು."

ಬಸ್ಸಿನವರು ಕುಣಿಯಬೇಕಾಗಿತ್ತು. ಅವರು ನಮ್ಮ ಕಡೆ ನೋಡದೆ ಮುಖದ ಕೆಸರು ಒರಸಿಕೊಂಡರು. ಆಮೇಲೆ ಮಾಸ್ಟ್ರು ಗೋಲಿಗೆ ಸೀಟಿ ಊದಿದರು, ಆಟವೂ ಅಲ್ಲಿಗೆ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನಮಗೆ ಬಾಯಿಗೆ ಬಂದದ್ದನ್ನು ಇವರೇ ತೆಗೆದು ಎದುರಿನವರ ಎಲೆಗೆ ಬಡಿಸಿದ ಹಾಗಾಯಿತು. ಹುಣಿಯಿಂದ ಇಳಿದು ಹೋಗಿ ಎಲ್ಲರೆದುರೇ ಇವರನ್ನು ಅಲ್ಲಾಡಿಸಿ ಕೇಳಬೇಕು ಎನ್ನುವಷ್ಟು ಸಿಟ್ಟು ಬಂತು ನನಗೆ.

ಮರಳಿ ಬರುವಾಗ ಲಾರಿಯಲ್ಲಿ ಟಾರ್ಪಾಲಿನ ಕೆಳಗೆ ಎಲ್ಲರೂ ಒಟ್ಟಿಗೆ ಮುದುಡಿ ಕುಳಿತಿದ್ದೆವು. ಇನ್ನು ಜಗಳ ಶುರುವಾಗುತ್ತದೆ ಎಂದು ನಾನು ಕಾದೆ. ಇವರ ಒಂದು ಮಾತಿನಿಂದ ಹೋದದ್ದು ಇವರ ಮಳೆಗಾಲ ಒಂದೇ ಅಲ್ಲವಲ್ಲ, ಹನ್ನೊಂದು ಮನೆಯದು. ಒಬ್ಬನ ಹೆಂಡತಿ ಬಸುರಿ, ಇನ್ನೊಬ್ಬನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಅವರಿಗೆ ಇವರನ್ನು ಲಾರಿಯಿಂದ ಕೆಳಗೆ ದೂಡುವಷ್ಟು ಕಾರಣವಿತ್ತು. ಸಿದ್ಧಕಟ್ಟೆ ದಾಟಿದ ಮೇಲೆ ಆ ಸಪೂರ ಮನುಷ್ಯ, ಮೊಣಕಾಲಿಗೆ ಬಟ್ಟೆ ಕಟ್ಟಿಕೊಳ್ಳುತ್ತ, ಯಾರನ್ನೂ ನೋಡದೆ ಹೇಳಿದ:

"ನಾವು ಹತ್ತು ಮಂದಿ ಸೇರಿ ಒಂದು ಗೋಲು ಹೊಡೆಯಲಿಕ್ಕೆ ಆಗಲಿಲ್ಲ. ಅವರನ್ನು ಎಂತ ಹೇಳುವುದು?"

"ಹೌದು," ಎಂದ ಕ್ಯಾಪ್ಟನ್. ಅಷ್ಟೇ. ಯಾರೋ ಒಬ್ಬರು ಇವರ ಕೈಗೆ ಬೀಡಿ ಕೊಟ್ಟರು, ಅದು ಒದ್ದೆಯಾಗಿ ಹತ್ತಲಿಲ್ಲ, ಅದಕ್ಕೆ ಎಲ್ಲರೂ ನಕ್ಕರು. ಇವತ್ತಿಗೂ ಅವರ್ಯಾರೂ ಇವರನ್ನು ಆ ವಿಷಯದಲ್ಲಿ ಒಂದು ಮಾತು ಅಂದವರಲ್ಲ. ಆ ಮದುವೆಯ ಊಟದಲ್ಲಿ ನಕ್ಕ ಹಿರಿಯರಿಗೆ ನಾನು ಕೇಳಿದ್ದು ಇದನ್ನೇ: ನಿಮ್ಮ ಗೆದ್ದ ತಂಡಗಳಲ್ಲಿ ಇಂಥ ಹನ್ನೊಂದು ಮಂದಿ ಇದ್ದರೆ ತೋರಿಸಿ, ನಾನು ಬಾಯಿ ಮುಚ್ಚುತ್ತೇನೆ.

ಲಾರಿಯಲ್ಲಿ ಮುಚ್ಚಿಟ್ಟ ಬಾಯಿಯನ್ನು ನಾನು ಮನೆಗೆ ಬಂದು ಬಿಚ್ಚಿದೆ. "ಯಾರಿಗೂ ಕಂಡಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ನಿಮಗೆ ಎಂತ ಆಗಿತ್ತು?"

ಇವರು ತಲೆ ಒರಸಿಕೊಳ್ಳುತ್ತ, "ಕೇಳಿದರು. ಹೇಳಿದೆ," ಎಂದರು.

"ಇನ್ನು ಬೊಂಬಾಯಿಯಾ?"

"ಬೊಂಬಾಯಿ."

ಒಳಗಿನಿಂದ ಅತ್ತೆ, "ಸತ್ಯ ಹೇಳಿದವನಿಗೆ ಸತ್ಯವೇ ಗಂಜಿ ಬಡಿಸಲಿ. ನಾನು ಇವತ್ತು ಒಲೆ ಹೊತ್ತಿಸುವುದಿಲ್ಲ," ಎಂದು ಕೂಗಿದರು. ನನಗೆ ಏನಾಯಿತೋ, ಸಿಟ್ಟು ತಟ್ಟನೆ ಬದಿ ಬದಲಾಯಿಸಿತು. "ಮಾಮಿ, ನೀವು ಸುಮ್ಮನಿರಿ. ಅವರು ಕದ್ದು ಬಂದದ್ದಲ್ಲ," ಎಂದೆ. ನಾನು ಬೈಯಬಹುದು, ನನ್ನ ಗಂಡನನ್ನು ಇನ್ನೊಬ್ಬರು ಬೈಯಬಾರದು. ಹೆತ್ತ ತಾಯಿಯಾದರೂ ಅಷ್ಟೇ. ಒಲೆ ನಾನೇ ಹೊತ್ತಿಸಿದೆ.

ಕಾರ್ಖಾನೆಯಲ್ಲೂ ಅದೇ ಕಥೆ. ಹಂಚು ಕೊಯ್ಯುವ ಸಾಲಿನಲ್ಲಿ ಒಬ್ಬಳು, "ನಿನ್ನ ಗಂಡ ಹರಿಶ್ಚಂದ್ರ ಅಂತೆ, ಇನ್ನು ನಿನ್ನನ್ನು ಮಾರುವುದು ಯಾವಾಗ?" ಎಂದಳು. "ನಿನ್ನ ಗಂಡನನ್ನು ಮಾರಲಿಕ್ಕೆ ಹೋದರೆ ಯಾರೂ ಕೊಳ್ಳಲಿಕ್ಕಿಲ್ಲ," ಎಂದೆ ನಾನು. ಅವಳು ವಾರಗಟ್ಟಲೆ ನನ್ನ ಹತ್ತಿರ ಮಾತು ಬಿಟ್ಟಳು. ಹೀಗೆ ದಿನಕ್ಕೊಬ್ಬರಿಗೆ ಉತ್ತರ ಕೊಡುತ್ತ ಕೊಡುತ್ತ ನಾನು ಕೊಟ್ಟ ಉತ್ತರಗಳನ್ನು ನಾನೇ ನಂಬತೊಡಗಿದೆ. ಅಭಿಮಾನ ಎನ್ನುವುದು ನನಗೆ ಬಂದದ್ದು ಆ ದಾರಿಯಲ್ಲಿ. ಗದ್ದೆಯಲ್ಲಿ ಬರಲಿಲ್ಲ.

ಧಣಿ ಕೆಟ್ಟವರಲ್ಲ. ತಂದರೆ ಎಂದಿದ್ದರು, ತರಲಿಲ್ಲ. ಗೋಡೆಯ ಮೊಳೆಯನ್ನು ಅವರು ಕೀಳಿಸಲಿಲ್ಲ, ಅದಕ್ಕೆ ಕ್ಯಾಲೆಂಡರು ತೂಗು ಹಾಕಿದರು. ದಕ್ಕೆಯ ಕೊನೆಯ ದೋಣಿ ತುಂಬಿದ ಮೇಲೆ ಹನ್ನೊಂದು ಮಂದಿಯೂ ಚದರಿದರು. ಇವರ ಭಾವನ ಹೋಟೆಲಿನಿಂದ ಬರಲು ಹೇಳಿಕಳಿಸಿದರು.

ಹೊರಡುವ ದಿನ ಸಣ್ಣ ಮಳೆ. ಬಂಟ್ವಾಳದ ಪೇಟೆಯಲ್ಲಿ ಮಂಗಳೂರಿನ ಬಸ್ಸಿಗೆ ಕಾಯುತ್ತಿದ್ದೆವು. ನನ್ನ ಜೊತೆ ಹಂಚಿನ ಸಾಲಿನ ಅಕ್ಕನೂ ಬಂದಿದ್ದಳು, ಗಂಡ ಬೊಂಬಾಯಿಯಲ್ಲೇ ಉಳಿದ ಆ ಅಕ್ಕ. ಬಸ್ಸು ಬಂದು ನಿಂತಿತು. ಬಾಗಿಲಲ್ಲಿ ಚರ್ಮದ ಚೀಲ ನೇತು ಹಾಕಿಕೊಂಡು ನಿಂತದ್ದು ಅವನೇ, ಮೂಡಬಿದ್ರೆಯ ತಂಡದ ಉದ್ದ ಕಾಲಿನ ಕಂಡಕ್ಟರು. ಇವರನ್ನು ನೋಡಿದವನು ಕ್ಲೀನರನ್ನು ಕರೆಯದೆ ತಾನೇ ಇವರ ಟ್ರಂಕನ್ನು ಹೆಗಲಿಗೇರಿಸಿ, ಏಣಿ ಹತ್ತಿ, ಬಸ್ಸಿನ ಮೇಲೆ ಟಾರ್ಪಾಲಿನ ಅಡಿಗೆ ಭದ್ರವಾಗಿ ಇಟ್ಟು ಬಂದ. ಇವರಿಗೆ ಕಿಟಕಿಯ ಬದಿಯ ಸೀಟು ಬಿಡಿಸಿ ಕೊಟ್ಟ. ಆಮೇಲೆ ಕೆಳಗಿಳಿದು ನನ್ನ ಹತ್ತಿರ ಬಂದು, ದೊಡ್ಡ ಬಾಯಿಯವನು ಸಣ್ಣ ದನಿಯಲ್ಲಿ ಹೇಳಿದ:

"ಅಕ್ಕ, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಆ ದಿನ ಅವರ ಜಾಗದಲ್ಲಿ ನಾನಿದ್ದಿದ್ದರೆ ದಾಟಲಿಲ್ಲ ಅಂತಲೇ ಹೇಳ್ತಿದ್ದೆ."

ಅಷ್ಟು ದಿನ ಅವನಿಗೆಂದು ನಾನು ಕಟ್ಟಿಟ್ಟ ಬೈಗುಳದ ಗಂಟು ದೊಡ್ಡದಿತ್ತು. ಬಿಚ್ಚಲು ಹೋದರೆ ಏನೂ ಸಿಗಲಿಲ್ಲ.

"ನಾನೂ ಹಾಗೇ ಹೇಳ್ತಿದ್ದೆ," ಎಂದೆ. "ಅದಕ್ಕೇ ಅಲ್ಲವಾ, ನಮ್ಮನ್ನೆಲ್ಲ ಯಾರೂ ಗೋಲಿಗೆ ನಿಲ್ಲಿಸದೇ ಇರುವುದು."

ಅವನು ಜೋರಾಗಿ ನಕ್ಕು ಮೆಟ್ಟಿಲು ಹತ್ತಿದ. ಇವರು ಕಿಟಕಿಯ ಪರದೆ ಎತ್ತಿ, "ದೀಪಾವಳಿಗೆ ಬರ್ತೇನೆ," ಎಂದರು. ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು.

ಪಕ್ಕದಲ್ಲಿದ್ದ ಅಕ್ಕ ಸೆರಗಿನಿಂದ ಮುಖ ಒರಸಿಕೊಂಡು, "ಎಲ್ಲರೂ ಹೋಗುವಾಗ ಹಾಗೆಯೇ ಹೇಳುವುದು ಮಗಾ," ಎಂದಳು. ಅವಳ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಅವಳು ಅನುಭವಿಸಿದ್ದನ್ನೇ ಹೇಳಿದಳು. ಊರಿನಲ್ಲಿ ಬೇರೆ ಯಾವ ಹೆಂಡತಿಯಾದರೂ ಆ ಮಾತು ಕೇಳಿ ಆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ನನಗೆ ಒಳ್ಳೆಯ ನಿದ್ದೆ ಬಂತು. ಮೂರು ಊರಿನ ಜನರೆದುರು, ಶೀಲ್ಡು ಕೈಯಲ್ಲಿರುವಾಗ, ದಾಟಿತು ಎಂದು ಹೇಳಿದ ಬಾಯಿ ಅದು. ಅದು ನನಗೆ ದೀಪಾವಳಿ ಎಂದು ಹೇಳಿದ ಮೇಲೆ ನಾನು ಯಾಕೆ ಲೆಕ್ಕ ಹಾಕಿಕೊಂಡು ಕೂರಬೇಕು?

ದೀಪಾವಳಿಯ ಹಿಂದಿನ ದಿನ ಸಂಜೆ, ಅದೇ ಬಸ್ಸಿನಿಂದ, ಅದೇ ಟ್ರಂಕಿನೊಂದಿಗೆ ಇಳಿದರು.